10×12 ಅಡಿ ರೂಮು, ಬಾಗಿಲು ಅಡ್ಡ ಬರುತ್ತಿದೆ: ಸರೌಂಡ್ ಸ್ಪೀಕರ್ ಎಲ್ಲಿ ಕೂರಿಸಲಿ?

ಗುಡ್ಡದ ಓಣಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಮಹಡಿ ಮೇಲಿನ ಒಂದು ರೂಮನ್ನು ಸಿನಿಮಾ ನೋಡೋಕೆ ಅಂತಲೇ ಬಿಡಿಸಿಕೊಂಡಿದ್ದೇನೆ. ಅಗಲ 10 ಅಡಿ, ಉದ್ದ 12, ಎತ್ತರ 10. 55 ಇಂಚಿನ ಟಿವಿ 10 ಅಡಿ ಗೋಡೆಯ ಮೇಲಿದೆ. 7 ಚಾನೆಲ್ ರಿಸೀವರ್ (ಸ್ಪೀಕರುಗಳನ್ನು ಓಡಿಸುವ ಆಂಪ್ಲಿಫೈಯರ್), ಮುಂದಿನ ಜೋಡಿ, ಸೆಂಟರ್, ಬಾಸಿಗೆ 10 ಇಂಚಿನ ಸಬ್‌ವೂಫರ್ ಎಲ್ಲಾ ಬಂದಾಗಿದೆ. ಸರೌಂಡ್, ಅಂದರೆ ಪಕ್ಕದಿಂದ, ಹಿಂದಿನಿಂದ ಶಬ್ದ ಕೊಡುವ ಸ್ಪೀಕರ್ ಮಾತ್ರ ಬಾಕಿ. ಅದಕ್ಕೆ 20 ಸಾವಿರದವರೆಗೆ ಹಾಕಬಹುದು.

ತೊಂದರೆ ರೂಮಿನದ್ದು. ಎಡಗೋಡೆಯಲ್ಲಿ ಟಿವಿಯಿಂದ 8 ಅಡಿಗೆ ಬಾಗಿಲು ಶುರುವಾಗಿ 11 ಅಡಿಗೆ ಮುಗಿಯುತ್ತದೆ. ಬಾಗಿಲು ಹೊರಕ್ಕೆ ತೆರೆಯುತ್ತದೆ, ಅದೊಂದು ಪುಣ್ಯ. ಬಲಗೋಡೆಯಲ್ಲಿ ಕಿಟಕಿ. ಸೀಲಿಂಗಿನ ನಡುವೆ ಫ್ಯಾನು. ಮೂರು ಜನ ಕೂರುವ ಸೋಫಾವನ್ನು ಸದ್ಯ ಹಿಂದಿನ ಗೋಡೆಗೆ ಒತ್ತಿ ಹಾಕಿದ್ದೇನೆ.

ಅಂಗಡಿಯವರು 7.1.4 ಮಾಡಿಬಿಡಿ, ರಿಸೀವರ್ ಬದಲಾಯಿಸಿಕೊಡ್ತೀವಿ ಅಂತಾರೆ. ಅಂದರೆ ಪಕ್ಕಕ್ಕೆ ಎರಡು, ಹಿಂದೆ ಎರಡು, ತಲೆ ಮೇಲೆ ನಾಲ್ಕು. ಇಷ್ಟು ಸಣ್ಣ ರೂಮಿಗೆ ಅದೆಲ್ಲ ಬೇಕಾ? ಬಾಗಿಲ ಕಡೆ ಸ್ಪೀಕರ್ ಎಲ್ಲಿ ಹೊಡೆಯೋದು? ಎರಡು ಕಡೆ ಮುಖ ಇರುವ ಬೈಪೋಲ್ ತಗೋ ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು. ತಿಳಿದವರು ಹೇಳಿ.

ಗಂಗಾವತಿ ಗದ್ದೆ

ಮೊದಲು ಸ್ಪೀಕರ್ ಮರೆತು ಸೋಫಾ ಎಳೆಯಿರಿ ಅಣ್ಣಾ. ತಲೆ ಹಿಂದಿನ ಗೋಡೆಗೆ ತಾಗಿದ್ದರೆ ಹಿಂದಿನಿಂದ ಶಬ್ದ ಬರೋಕೆ ಜಾಗ ಎಲ್ಲಿದೆ? ಅದೂ ಅಲ್ಲದೆ ಗೋಡೆ ಹತ್ತಿರ ಬಾಸ್ ಯಾವಾಗಲೂ ಊದಿಕೊಳ್ಳುತ್ತದೆ. ಎಷ್ಟು ಒಳ್ಳೆಯ ಸಬ್ ತಂದರೂ ಗುಂಯ್ ಅಂತಲೇ ಕೇಳುತ್ತದೆ.

ರೂಮಿನ ಉದ್ದದ 38 ಭಾಗದ ಲೆಕ್ಕ ಅಂತ ಒಂದಿದೆ. ಗೋಡೆಯಿಂದ ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿ ಕಿವಿ ಇರಲಿ ಅಂತ. ನಿಮ್ಮ 12 ಅಡಿಗೆ ಹಿಂದಿನಿಂದ ಲೆಕ್ಕ ಹಾಕಿದರೆ ಟಿವಿಯಿಂದ ಸುಮಾರು 7.5 ಅಡಿ ಬರುತ್ತದೆ. 55 ಇಂಚಿನ ಟಿವಿ 4 ಅಡಿ ಅಗಲ. 7.5 ಅಡಿಯಿಂದ ನೋಡಿದರೆ ಕಣ್ಣಿಗೆ 30 ಡಿಗ್ರಿ ತುಂಬುತ್ತದೆ. ಸಿನಿಮಾಗೆ ಇದು ಸರಿಯಾದ ಅಳತೆ.

5.1ರಲ್ಲಿ, ಅಂದರೆ ಮುಂದೆ ಮೂರು, ಸರೌಂಡ್ ಎರಡು, ಸಬ್ ಒಂದು ಇರುವಾಗ, ಸರೌಂಡ್ ಜಾಗ 90ರಿಂದ 110 ಡಿಗ್ರಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಟಿವಿ ಸೊನ್ನೆ, ಕಿವಿಯ ನೇರ ಪಕ್ಕ 90. ಅಂದರೆ ನೇರ ಪಕ್ಕದಲ್ಲಿ ಅಥವಾ ಚೂರು ಹಿಂದೆ. ನಿಮ್ಮ ಅಗಲಕ್ಕೆ 110 ಡಿಗ್ರಿ ಅಂದರೆ ಕಿವಿಗಿಂತ ಒಂದೂವರೆ ಅಡಿ ಹಿಂದೆ, ಟಿವಿಯಿಂದ 9 ಅಡಿ. ಹಾಳಾದ್ದು, ಅದು ಸರಿಯಾಗಿ ನಿಮ್ಮ ಬಾಗಿಲೊಳಗೇ ಬೀಳುತ್ತದೆ!

ರಾಯಚೂರು ರಿಪೇರಿ

ಬಾಗಿಲ ಮೇಲೆ ಹೊಡೀರಿ, ಕೆಳಗೆ ಬಗ್ಗಿಸಿ. ಸರೌಂಡ್ ಕಿವಿಗಿಂತ ಎತ್ತರದಲ್ಲಿ ಇರಬೇಕು ಅನ್ನೋದು ಹಳೇ ನಿಯಮ. ನಾನು ಆಂಪ್ಲಿಫೈಯರ್ ರಿಪೇರಿ ಮಾಡೋನು, ಇಂಥ ರೂಮು ಬಹಳ ನೋಡಿದ್ದೇನೆ. ಸಣ್ಣ ರೂಮಲ್ಲಿ ಕಿವಿಗೆ ನೇರ ಇಟ್ಟರೆ ಪಕ್ಕದಲ್ಲಿ ಕೂತವನಿಗೆ ಸಿನಿಮಾ ಪೂರ್ತಿ ಆ ಒಂದೇ ಡಬ್ಬಿ ಕೇಳಿಸುತ್ತಿರುತ್ತದೆ.

ಬೈಪೋಲ್ ಬಗ್ಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಡಾಲ್ಬಿ ಕಂಪನಿಯ ಹಳೇ ಸರೌಂಡ್ ಪದ್ಧತಿ ಪ್ರೋಲಾಜಿಕ್ ಕಾಲದಲ್ಲಿ ಹಿಂದೆ ಎರಡು ಸ್ಪೀಕರ್ ಇದ್ದರೂ ಬರುತ್ತಿದ್ದದ್ದು ಒಂದೇ ಚಾನೆಲ್. ಅದೂ 7,000 ಹರ್ಟ್ಜ್‌ವರೆಗೆ ಮಾತ್ರ. ಆ ಒಂದು ಚಾನೆಲ್ ರೂಮೆಲ್ಲಾ ಹರಡಲಿ ಅಂತ ಎರಡು ಕಡೆ ಮುಖ ಇರುವ ಸ್ಪೀಕರ್ ಬಳಕೆಗೆ ಬಂತು. ಎರಡು ಮುಖವೂ ಒಟ್ಟಿಗೆ ತಳ್ಳಿದರೆ ಬೈಪೋಲ್. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಡೈಪೋಲ್. ಡೈಪೋಲಿನಲ್ಲಿ ಕೂತವರ ಕಡೆಗೆ ಬರುವ ನೇರ ಶಬ್ದ ಬಹುಮಟ್ಟಿಗೆ ಸತ್ತುಹೋಗಿ, ಗೋಡೆಗೆ ಬಡಿದು ಬಂದದ್ದೇ ಕೇಳಿಸುತ್ತದೆ. ಈಗ ಒಂದೊಂದು ಸರೌಂಡಿಗೂ ಬೇರೆ ಬೇರೆ ಪೂರ್ತಿ ಚಾನೆಲ್ ಇದೆ. ಹಾಗಾಗಿ ಡೈಪೋಲ್ ಬೇಡವೇ ಬೇಡ. ಬೈಪೋಲ್ ಮಾತ್ರ ಸೋಫಾಕ್ಕೆ ಎರಡು ಅಡಿ ಪಕ್ಕದಲ್ಲೇ ಗೋಡೆ ಇರುವವರಿಗೆ ಈಗಲೂ ಉಪಯೋಗಕ್ಕೆ ಬರುತ್ತದೆ.

ಗಂಗಾವತಿ ಗದ್ದೆ

ರಿಪೇರಿ ಅಣ್ಣಾ, ಎತ್ತರದ ಮಾತು ಒಪ್ಪಿದೆ, ಬಾಗಿಲ ಮೇಲಿನದು ಒಪ್ಪಲ್ಲ. ಬಾಗಿಲು 7 ಅಡಿ. ಅದರ ಮೇಲೆ ಬ್ರಾಕೆಟ್ ಅಂದರೆ 7.5 ಅಡಿ. ಸೋಫಾದಲ್ಲಿ ಕೂತಾಗ ಕಿವಿ 3 ಅಡಿ 3 ಇಂಚು. 4 ಅಡಿಗೂ ಹೆಚ್ಚು ಮೇಲೆ ಹೋಯಿತು. ಅದು ಸರೌಂಡ್ ಆಗಲ್ಲ, ಹೆಚ್ಚುಕಡಿಮೆ ಅಟ್ಮಾಸ್ ಸ್ಪೀಕರ್ (ತಲೆ ಮೇಲಿನಿಂದಲೂ ಶಬ್ದ ಕೊಡುವ ಡಾಲ್ಬಿಯ ಹೊಸ ಪದ್ಧತಿಯದ್ದು) ಆಗುತ್ತದೆ. ನಾಳೆ ನಿಜವಾಗಿ ತಲೆ ಮೇಲೆ ಎರಡು ಹಾಕಿದರೆ ಮೇಲಿನದಕ್ಕೂ ಪಕ್ಕದ್ದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಅಟ್ಮಾಸ್ ಬಂದ ಮೇಲೆ ಡಾಲ್ಬಿಯವರೇ ಸರೌಂಡನ್ನು ಕಿವಿ ಮಟ್ಟಕ್ಕೆ ಇಳಿಸಿ ಅಂತ ಹೇಳುತ್ತಿದ್ದಾರೆ.

ಇನ್ನೊಂದು ದಾರಿ ಇದೆ. ಸೋಫಾವನ್ನು ಕಿವಿ 9 ಅಡಿಗೆ ಬರುವ ಹಾಗೆ ಇಡಿ. ಹಿಂದೆ 3 ಅಡಿ ಉಳಿಯುತ್ತದೆ. ಸರೌಂಡ್ ಪಕ್ಕದ ಗೋಡೆಗೆ ಬೇಡ. ಹಿಂದಿನ ಗೋಡೆಯ ಎರಡು ಮೂಲೆಗೆ, 5 ಅಡಿ 3 ಇಂಚು ಎತ್ತರಕ್ಕೆ ಹಾಕಿ, ಮುಖ ಸೋಫಾದ ಕಡೆ ತಿರುಗಿಸಿ. ಕೋನ ಸುಮಾರು 124 ಡಿಗ್ರಿ ಬರುತ್ತದೆ. ಮೊದಲು ಹೇಳಿದ 110ಕ್ಕಿಂತ ಹಿಂದೆ ಆಯಿತು, ನಿಜ. ಆದರೆ ಸ್ಟುಡಿಯೋಗಳು ಬಳಸುವ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಅಳತೆಯಲ್ಲಿ 120ರವರೆಗೆ ಜಾಗ ಇದೆ. ನಾಲ್ಕು ಡಿಗ್ರಿಗೆ ಯಾರೂ ಸಾಯಲ್ಲ.

ಪಕ್ಕದಲ್ಲಿ ಕೂತವರ ಕಷ್ಟಕ್ಕೂ ಇದೇ ಮದ್ದು. ಲೆಕ್ಕ ನೋಡಿ. ಸೋಫಾದ ತುದಿಯಲ್ಲಿ ಕೂತವರು ನಡುವಿನಿಂದ 2 ಅಡಿ ಆಚೆ. ಸ್ಪೀಕರ್ ನಡುವಿನಿಂದ 4.5 ಅಡಿ. ಕಿವಿಗೆ ನೇರ ಪಕ್ಕದಲ್ಲಿ ಇಟ್ಟರೆ ಅವರಿಗೆ ಹತ್ತಿರದ್ದು 2.5 ಅಡಿ, ಆಚೆಯದ್ದು 6.5 ಅಡಿ. ದೂರ ಅರ್ಧವಾದರೆ ಶಬ್ದ 6 ಡೆಸಿಬಲ್ ಏರುತ್ತದೆ. ಹಾಗಾಗಿ ಇಲ್ಲಿ 8 ಡೆಸಿಬಲ್‌ಗೂ ಮೀರಿದ ವ್ಯತ್ಯಾಸ. ಅದನ್ನೇ 2 ಅಡಿ ಮೇಲಕ್ಕೆ ಎತ್ತಿದರೆ ಆರೂವರೆಗೆ ಇಳಿಯುತ್ತದೆ. 2 ಅಡಿ ಎತ್ತಿ, 3 ಅಡಿ ಹಿಂದಕ್ಕೂ ತಳ್ಳಿದರೆ ನಾಲ್ಕೂವರೆ ಚಿಲ್ಲರೆ. ಗೋಡೆಯಿಂದ ಮರಳಿ ಬರುವ ಶಬ್ದ ಸೇರಿದರೆ ಕಿವಿಗೆ ಬೀಳುವ ವ್ಯತ್ಯಾಸ ಇನ್ನೂ ಕಡಿಮೆ. ಸಣ್ಣ ರೂಮಲ್ಲಿ ಸ್ಪೀಕರ್ ಕಿವಿಯಿಂದ ಎಷ್ಟು ದೂರ ಅನ್ನೋದೇ ಎಲ್ಲಾ. ಎಷ್ಟು ಸ್ಪೀಕರ್, ಎಷ್ಟು ದುಡ್ಡು ಅನ್ನೋದು ಆಮೇಲೆ.

ರಾಯಚೂರು ರಿಪೇರಿ

ಲೆಕ್ಕ ಚೆನ್ನಾಗಿದೆ ತಮ್ಮಾ. ಆದರೆ ಮುಂದಿನ ಸ್ಪೀಕರ್ 25 ಡಿಗ್ರಿಯಲ್ಲಿ, ಹಿಂದಿನದು 124ರಲ್ಲಿ. ನಡುವೆ ನೂರು ಡಿಗ್ರಿ ಖಾಲಿ. ಪಕ್ಕದಿಂದ ಒಂದು ಬೈಕ್ ಹೋದರೆ ಅದು ಮುಂದಿನಿಂದ ಹಿಂದಕ್ಕೆ ಹಾರಿದ ಹಾಗೆ ಕೇಳುತ್ತದೆ, ಪಕ್ಕದಲ್ಲಿ ಹಾದ ಹಾಗೆ ಅಲ್ಲ. ನಾನಾಗಿದ್ದರೆ ಎಡಕ್ಕೆ ಒಂದು ಸ್ಟ್ಯಾಂಡ್ ಇಟ್ಟು, ಸಿನಿಮಾ ಮುಗಿದ ಮೇಲೆ ಎತ್ತಿಡುತ್ತಿದ್ದೆ.

ಸಿಂಧನೂರು ಅಕ್ಕ

ಮನೇಲಿ ಮಕ್ಕಳಿದ್ದರೆ ಆ ಸ್ಟ್ಯಾಂಡ್ ಎತ್ತಿಡೋದು ಎಷ್ಟು ದಿನ ನಡೆಯುತ್ತೆ ಅಂತ ನಾನು ಹೇಳ್ಲಾ? ದಾರಿಗೆ ಅಡ್ಡ ಇಟ್ಟ ಸ್ಪೀಕರ್ ಬೀಳದೆ ಇರಲ್ಲ. ಗಂಗಾವತಿಯವರು ಹೇಳಿದ್ದೇ ಸರಿ. ಗೋಡೆ ಮೇಲೆ ಇರಲಿ, ಎರಡೂ ಕಡೆ ಒಂದೇ ಸಮ ಇರಲಿ. ಒಂದು ಸ್ಟ್ಯಾಂಡ್ ಮೇಲೆ, ಇನ್ನೊಂದು ಕಿಟಕಿ ಮೇಲೆ ಅಂತ ಮಾಡಿದರೆ ಎಡಬಲ ಯಾವತ್ತೂ ಕೂಡಿ ಬರಲ್ಲ.

ಇನ್ನೊಂದು ಮಾತು. ನಮ್ಮ ಮನೇಲಿ ಅತ್ತೆಯವರ ದೂರು ಒಂದೇ, "ಮಾತು ಕೇಳ್ಸಲ್ಲ, ಬಾಂಬ್ ಮಾತ್ರ ಕೇಳ್ಸುತ್ತೆ." ಏಪ್ರಿಲ್, ಮೇನಲ್ಲಿ ಕೂಲರ್ ಹಾಕದೆ ಕೂರೋಕೆ ಆಗಲ್ಲ ಅಲ್ವಾ, ಆ ಬರ್ ಅನ್ನೋ ಸದ್ದಿನಲ್ಲಿ ಮಾತು ಮುಳುಗುತ್ತೆ. ಸೆಂಟರ್ ಸ್ಪೀಕರನ್ನು 2–3 ಡೆಸಿಬಲ್ ಏರಿಸಿದೆ. ಅದನ್ನು ಟಿವಿ ಸ್ಟ್ಯಾಂಡಿನ ಒಳಗಿಂದ ತೆಗೆದು ಅಂಚಿಗೆ ತಂದು, ಮುಖ ಸ್ವಲ್ಪ ಮೇಲೆತ್ತಿದೆ. ಅಷ್ಟಕ್ಕೇ ದೂರು ನಿಂತಿತು. ಸರೌಂಡಿಗೆ 20 ಸಾವಿರ ಸುರಿಯೋಕೆ ಮುಂಚೆ ಇದೊಂದು ಮಾಡಿ ನೋಡಿ.

ಗುಡ್ಡದ ಓಣಿ, ಬಳ್ಳಾರಿ

ನಮ್ಮಲ್ಲೂ ಫ್ಯಾನಿನದ್ದೇ ಗಲಾಟೆ. ಅದು ಬಿಟ್ಟು ಒಂದು ಅನುಮಾನ, ನಗಬೇಡಿ. ಬಿಸಿಗಾಳಿಯಲ್ಲಿ ಶಬ್ದ ಬೇಗ ಓಡುತ್ತೆ ಅಂತ ಸ್ಕೂಲಲ್ಲಿ ಓದಿದ್ದು. ನಮ್ಮ ಬಳ್ಳಾರಿ ಬಿಸಿಲಿಗೆ ರಿಸೀವರ್ ಮೈಕ್ ಹಾಕಿ ಸ್ಪೀಕರ್ ದೂರ ಅಳೆಯುತ್ತಲ್ಲ, ಆ ಅಳತೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಮಾಡಬೇಕಾ?

ಗಂಗಾವತಿ ಗದ್ದೆ

ಓಡುವುದು ನಿಜ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್, 40ರಲ್ಲಿ ಸುಮಾರು 355. ಆದರೆ 10 ಅಡಿ ದೂರಕ್ಕೆ ಆಗುವ ವ್ಯತ್ಯಾಸ ಒಂದು ಮಿಲಿಸೆಕೆಂಡಿನ ಸುಮಾರು ಮೂರನೇ ಒಂದು ಭಾಗ. ಅದೂ ಎಲ್ಲಾ ಸ್ಪೀಕರಿಗೂ ಒಂದೇ ಪ್ರಮಾಣದಲ್ಲಿ. ಸುಮ್ನೆ ನಿದ್ದೆ ಮಾಡಿ. ಬಿಸಿಲಿಗೆ ಹೆದರಬೇಕಾದದ್ದು ರಿಸೀವರ್. ಗಾಜಿನ ಬಾಗಿಲಿನ ಕಪಾಟಿನಲ್ಲಿ ಹಾಕಬೇಡಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ. ಮೇಲೆ ಒಂದು ಗೇಣಾದರೂ ಖಾಲಿ ಇರಲಿ.

ರಾಯಚೂರು ರಿಪೇರಿ

ಇದಕ್ಕೆ ನನ್ನ ಎರಡೂ ಕೈ ಮೇಲೆ. ಬೇಸಿಗೆಯಲ್ಲಿ ನನ್ನ ಟೇಬಲ್ಲಿಗೆ ಬರುವ ರಿಸೀವರುಗಳನ್ನು ಬಿಚ್ಚಿದರೆ ಒಳಗೆ ಮಣ್ಣು. ಗಾಳಿ ಓಡಾಡುವ ಕಂಡಿ ಮುಚ್ಚಿ, ಹೀಟ್‌ಸಿಂಕ್ ಮೇಲೆ ಧೂಳಿನ ಹೊದಿಕೆ. ವರ್ಷಕ್ಕೊಮ್ಮೆ ಬ್ಲೋವರ್ ಹೊಡೆಸಿ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಜುಯ್ ಅನ್ನುತ್ತದೆ, ಸ್ಪೀಕರಲ್ಲೂ ಅದು ಕೇಳಬಹುದು.

ಮಾಳಿಗೆ ಮನೆ, ಕುಕನೂರು

ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ನಮ್ಮದು ಹಳೇ ಮಾಳಿಗೆ ಮನೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಗೋಡೆ ಎರಡಡಿ ದಪ್ಪ, ಕಲ್ಲು ಮತ್ತು ಮಣ್ಣು. ಮೇಲಕ್ಕೆ ಶಬ್ದ ಹೊಡೆದು ಸೀಲಿಂಗಿನಿಂದ ವಾಪಸ್ ಬರಿಸುವ ಅಟ್ಮಾಸ್ ಸ್ಪೀಕರ್ ನೋಡಿದೆ. ಮುಂದಿನ ಸ್ಪೀಕರ್ ತಲೆ ಮೇಲೆ ಇಟ್ಟರೆ ಸಾಕಂತೆ. ನಮ್ಮಲ್ಲಿ ಕೆಲಸ ಮಾಡುತ್ತಾ? ಗೋಡೆಯಲ್ಲಿ ಎರಡು ಗೂಡು ಇವೆ, ಸರೌಂಡನ್ನು ಅದರಲ್ಲೇ ಇಡಬಹುದಾ?

ಗಂಗಾವತಿ ಗದ್ದೆ

ಮಾಳಿಗೆಗೆ ಅದು ಆಗಲ್ಲ ಸರ್. ಅಂಥ ಸ್ಪೀಕರಿಗೆ ಸೀಲಿಂಗ್ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಡಾಲ್ಬಿ ಲೆಕ್ಕದಲ್ಲಿ ಎತ್ತರ 7.5ರಿಂದ 14 ಅಡಿ ಒಳಗೆ. ಜಂತಿಗೆ ಬಡಿದ ಶಬ್ದ ದಿಕ್ಕಾಪಾಲು ಆಗುತ್ತದೆ, ಉಳಿದದ್ದನ್ನು ಮಣ್ಣು ಕುಡಿಯುತ್ತದೆ. ಆದರೆ ನಿಮ್ಮ ರೂಮಿನ ಮೇಲೆ ನನಗೆ ಹೊಟ್ಟೆಕಿಚ್ಚು. ನಾವು ಆರ್‌ಸಿಸಿ ಮನೆಯವರು ದುಡ್ಡು ಕೊಟ್ಟು ಪ್ಯಾನೆಲ್ ಹಾಕಿಸಿ ಪಡೆಯುವುದು ನಿಮಗೆ ಪುಕ್ಕಟೆ ಸಿಕ್ಕಿದೆ. ತಲೆ ಮೇಲೆ ಬೇಕೇ ಬೇಕು ಅಂದರೆ ಎರಡು ಸಣ್ಣ ಸ್ಪೀಕರನ್ನು ತೊಲೆಗೆ ಬ್ರಾಕೆಟ್ ಹಾಕಿ ಬಿಗಿಯಿರಿ. ಮರಕ್ಕೆ ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ.

ರಾಯಚೂರು ರಿಪೇರಿ

ಗೂಡಿನಲ್ಲಿ ಇಡಬಹುದು, ಆದರೆ ಮೂರು ಕಡೆ ಗೋಡೆ ಸುತ್ತಿದ್ದರೆ ಶಬ್ದ ಮಡಕೆಯೊಳಗಿಂದ ಬಂದ ಹಾಗಿರುತ್ತದೆ. ಸ್ಪೀಕರಿನ ಮುಖ ಗೋಡೆಯ ಅಂಚಿಗೆ ಸರಿಯಾಗಿ ಬರಲಿ, ಒಳಗೆ ಕೂರಬಾರದು. ಸುತ್ತ ಉಳಿದ ಸಂದಿಗೆ ಹಳೇ ಬಟ್ಟೆ ತುರುಕಿ. ಗಾಳಿ ತೂತು ಹಿಂದೆ ಇರುವ ಸ್ಪೀಕರ್ ಗೂಡಿಗೆ ಬೇಡ. ಮುಂದೆ ತೂತು ಇರುವುದು, ಇಲ್ಲಾ ತೂತೇ ಇಲ್ಲದ್ದು ತಗೊಳ್ಳಿ. ಮಣ್ಣಿನ ಸಂದಿಗೆ ಮೊಳೆ ನಂಬಬೇಡಿ, ಭಾರ ಬಿದ್ದರೆ ಕಿತ್ತು ಬರುತ್ತದೆ.

ಗುಡ್ಡದ ಓಣಿ, ಬಳ್ಳಾರಿ

ಮುಂದೆ ತೂತು, ಹಿಂದೆ ತೂತು ಅನ್ನೋದು ನನಗೂ ಬೇಕಾಗಿದ್ದ ಮಾತು. ಹಾಗಾದರೆ ಹಿಂದಿನ ಮೂಲೆಗೆ ಯಾವ ತರದ ಸ್ಪೀಕರ್? ಬೈಪೋಲ್ ಬಿಟ್ಟೆ ಅಂತ ಇಟ್ಟುಕೊಳ್ಳಿ.

ಗಂಗಾವತಿ ಗದ್ದೆ

ಮೂಲೆಗೆ ಬೈಪೋಲ್ ಹಾಕಿದರೆ ಒಂದು ಮುಖ ನೇರ ಪಕ್ಕದ ಗೋಡೆಗೇ ಹೊಡೆಯುತ್ತದೆ, ದಂಡ. ಒಂದೇ ಕಡೆ ಮುಖ ಇರುವ ಮಾಮೂಲಿ ಬುಕ್‌ಶೆಲ್ಫ್ ಸಾಕು. ಸಬ್‌ವೂಫರ್ ಇರುವಾಗ ಸರೌಂಡಿಗೆ ದೊಡ್ಡ ಕೋನ್ ಬೇಕಿಲ್ಲ. 4 ಇಂಚಿನ ವೂಫರ್ ಇದ್ದರೆ, ಯಾವ ಸ್ವರದಿಂದ ಕೆಳಗಿನದು ಸಬ್‌ಗೆ ಹೋಗಬೇಕು ಅನ್ನುವ ಗಡಿ, ಅಂದರೆ ಕ್ರಾಸ್‌ಓವರ್ 80–100 ಹರ್ಟ್ಜ್‌ಗೆ ಇಡಬಹುದು. ಅಂಗೈಯಲ್ಲಿ ಹಿಡಿಸುವ 3 ಇಂಚಿನದು ತಗೊಂಡರೆ 120–150ಕ್ಕೆ ಏರಿಸಬೇಕಾಗುತ್ತದೆ. ಆಗ ಗಂಡಸಿನ ದನಿಯ ತಳಭಾಗ ಸಬ್‌ನಿಂದ ಬರುತ್ತದೆ, ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ 4 ಇಂಚಿಗಿಂತ ಕೆಳಗೆ ಇಳಿಯಬೇಡಿ.

ಡಬ್ಬಿ ಮೇಲೆ ಬರೆದ ವಾಟ್ ನೋಡಬೇಡಿ. ಸೆನ್ಸಿಟಿವಿಟಿ ನೋಡಿ, ಅಂದರೆ ಅಷ್ಟೇ ವಾಟಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನೋದು. 86–88 ಡೆಸಿಬಲ್ ಇದ್ದರೆ ನಿಮ್ಮ ರೂಮಿಗೆ ಧಾರಾಳ. ಓಮ್ 6 ಅಥವಾ 8 ಇರಲಿ. 4 ಓಮಿನದು ಬಿಸಿಲು ಕಾಲದಲ್ಲಿ ರಿಸೀವರಿಗೆ ಸುಮ್ನೆ ಹಿಂಸೆ. ಮುಂದಿನ ಜೋಡಿ ಯಾವ ಕಂಪನಿಯದ್ದೋ ಅದೇ ಸರಣಿಯ ಚಿಕ್ಕದು ಸಿಕ್ಕರೆ ಒಳ್ಳೆಯದು, ಹೆಲಿಕಾಪ್ಟರ್ ಮುಂದಿನಿಂದ ಹಿಂದೆ ಹೋಗುವಾಗ ಬಣ್ಣ ಬದಲಾಗಲ್ಲ. ಸಿಗದಿದ್ದರೆ ಚಿಂತೆ ಇಲ್ಲ. ಸೆಂಟರ್ ಮತ್ತು ಮುಂದಿನ ಎರಡು ಒಂದೇ ಜಾತಿ ಇರಲೇಬೇಕು, ಸರೌಂಡಿಗೆ ಅಷ್ಟು ಕಟ್ಟುನಿಟ್ಟಿಲ್ಲ.

7.1.4ಕ್ಕೆ ನಾನು ಖಂಡಿತ ಬೇಡ ಅಂತೀನಿ. ಸೋಫಾ ಹಿಂದೆ 3 ಅಡಿ ಜಾಗದಲ್ಲಿ ಪಕ್ಕದ್ದೂ ಹಿಂದಿನದೂ ಒಂದರ ಮೇಲೊಂದು ಬಿದ್ದ ಹಾಗೆ. 7 ಚಾನೆಲ್ ಇದೆಯಲ್ಲಾ, ಉಳಿದ ಎರಡನ್ನು ತಲೆ ಮೇಲಕ್ಕೆ ಇಟ್ಟುಕೊಳ್ಳಿ, 5.1.2 ಆಗುತ್ತದೆ. ಜಾಗ ಟಿವಿಯಿಂದ 7 ಅಡಿ 9 ಇಂಚು ಆಸುಪಾಸು, ಅಂದರೆ ಕಿವಿಗಿಂತ ಚೂರು ಮುಂದೆ. ನಡುಗೆರೆಯಿಂದ ಮೂರೂವರೆ ಅಡಿ ಆಚೀಚೆ. 48 ಇಂಚಿನ ಫ್ಯಾನಿನ ರೆಕ್ಕೆ 2 ಅಡಿ ಮಾತ್ರ ಸುತ್ತುತ್ತದೆ, ಅಡ್ಡ ಬರಲ್ಲ. ಈಗ ಪೈಪ್ ಎಳೆಸಿಡಿ, ಸ್ಪೀಕರ್ ದೀಪಾವಳಿಗೆ ನೋಡಿದರಾಯಿತು.

ಸುಮ್ನೆ ಓದುವವ, ಮಾನ್ವಿ

ಹಳೇ ಕನ್ನಡ ಸಿನಿಮಾ, ಹಾಡು ಜಾಸ್ತಿ ನೋಡುವವರಿಗೆ ಇದೆಲ್ಲ ಯಾಕೆ ಅಂತ. ಅವಕ್ಕೆ ಇರುವುದೇ ಒಂದು ಚಾನೆಲ್.

ಸಿಂಧನೂರು ಅಕ್ಕ

ನಿಜ. ಅವನ್ನು ಎರಡು ಸ್ಪೀಕರಲ್ಲೇ ಕೇಳಿದರೆ ಚಂದ. ರಿಸೀವರಿನಲ್ಲಿ ಡಾಲ್ಬಿ ಸರೌಂಡ್ ಅಂತ ಒಂದು ಮೋಡ್ ಇರುತ್ತೆ. ಸ್ಟೀರಿಯೋ ಹಾಡುಗಳನ್ನು ಹಿಂದಕ್ಕೂ ಹರಡುತ್ತೆ. ಮೋನೋ ಇದ್ದರೆ ಎಲ್ಲಾ ಸೆಂಟರಿಗೆ ಹೋಗಿ ಕೂರುತ್ತೆ. ಆದರೆ ಓಣಿಯವರು ತೆಲುಗು, ಕನ್ನಡ ಹೊಸ ಸಿನಿಮಾ ನೋಡೋರು ಅಂತ ಕಾಣುತ್ತೆ. ಬಳ್ಳಾರಿಯವರಲ್ವಾ!

ಜೀನ್ಸ್ ಕಟಿಂಗ್, ಬಳ್ಳಾರಿ

ಓಣಿ ಅಣ್ಣಾ, ನಾನೂ ಬಳ್ಳಾರಿಯವನೇ. ಎಲ್ಲರೂ ಸ್ಪೀಕರ್ ಮಾತಾಡಿದ್ರು, ಗೋಡೆ ಬಗ್ಗೆ ಯಾರೂ ಮಾತಾಡಲಿಲ್ಲ. ಹೊಸ ಮನೆ ರೂಮಲ್ಲಿ ಪ್ಲಾಸ್ಟರ್, ಟೈಲ್ಸ್, ಗಾಜಿನ ಕಿಟಕಿ. ಒಂದು ಚಪ್ಪಾಳೆ ಹೊಡೆಯಿರಿ. ಟಿಂಗ್ ಅಂತ ಬಾಲ ಬರುತ್ತಲ್ಲ, ಅದು ಇರುವವರೆಗೆ ಸರೌಂಡ್ ಎಲ್ಲಿಟ್ಟರೂ ಎಲ್ಲಾ ಕಡೆಯಿಂದಲೂ ಕೇಳುತ್ತದೆ.

ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ. ಕಟಿಂಗ್ ಚೂರು ಚೀಲಗಟ್ಟಲೆ ಬೀಳುತ್ತೆ. ಹೊರದೇಶದಲ್ಲಿ ಹಳೇ ಡೆನಿಮ್ ಬಟ್ಟೆಯನ್ನೇ ನಾರು ಮಾಡಿ ಗೋಡೆಗೆ ತುಂಬುವ ಹಾಸು ಮಾರುತ್ತಾರೆ. ನಾನು ಆ ಚೂರಲ್ಲೇ ಪ್ಯಾನೆಲ್ ಮಾಡಿದ್ದೇನೆ. 4 ಅಡಿ ಎತ್ತರ, 2 ಅಡಿ ಅಗಲ, 4 ಇಂಚು ಆಳದ ಮರದ ಚೌಕಟ್ಟು. ಹಿಂದೆ ಕೋಳಿ ಜಾಲರಿ. ಒಳಗೆ ಚೂರು. ಮುಂದೆ ತೆಳು ಕಾಟನ್ ಬಟ್ಟೆ. ಇಡಿ ಇಡಿ ಚೂರು ಹಾಕಿದರೆ ಕೆಲಸ ಆಗಲ್ಲ. ಡೆನಿಮ್ ಗಟ್ಟಿ ನೇಯ್ಗೆ, ಒತ್ತಿ ತುಂಬಿದರೆ ಹಲಗೆ ಹಾಗೆ ನಿಂತುಬಿಡುತ್ತೆ. ಗಾದಿಗೆ ಹತ್ತಿ ಬಡಿಯುವವರ ಹತ್ತಿರ ಕೊಟ್ಟು ಬಿಡಿಸಿ ನಾರು ಮಾಡಿಸಬೇಕು. ಊದಿ ನೋಡಿದರೆ ಉಸಿರು ಆಚೆ ಬದಿಗೆ ಹೋಗಬೇಕು, ಆದರೆ ಸಲೀಸಾಗಿ ಹೋಗಬಾರದು. ಆ ಹದ.

ಎಲ್ಲಿ ಹಾಕಬೇಕು ಅನ್ನೋದಕ್ಕೆ ಕನ್ನಡಿ ಸಾಕು. ನೀವು ಸೋಫಾದಲ್ಲಿ ಕೂತುಕೊಳ್ಳಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗೆ ಒತ್ತಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಎಲ್ಲಿ ಕಂಡಿತೋ ಅಲ್ಲಿ ಪ್ಯಾನೆಲ್. ಬಲಗಡೆ ಕಿಟಕಿ ಬಂದರೆ ದಪ್ಪ ಪರದೆ, ನೆರಿಗೆ ಜಾಸ್ತಿ ಇರಲಿ. ನೆಲಕ್ಕೆ ಜಮಖಾನ.

ಮಾಳಿಗೆ ಮನೆ, ಕುಕನೂರು

ಕೌದಿ ಹಾಕಿದರೆ ಆಗಲ್ವಾ? ಅಜ್ಜಿ ಹೊಲಿದದ್ದು ನಾಲ್ಕಾರು ಇವೆ.

ಜೀನ್ಸ್ ಕಟಿಂಗ್, ಬಳ್ಳಾರಿ

ಆಗುತ್ತೆ, ಅರ್ಧ ಕೆಲಸ. ಕೌದಿ ತೆಳು. ಸಣ್ಣ ಕೀರಲು ಶಬ್ದ ಹೀರುತ್ತೆ, ಮಾತಿನ ದಪ್ಪ ಭಾಗಕ್ಕೆ ಏನೂ ಮಾಡಲ್ಲ. ಹೀರಬೇಕಾದ ಸ್ವರ ಕೆಳಗಿಳಿದಷ್ಟೂ ದಪ್ಪ ಬೇಕು. ಗೋಡೆಗೆ ಅಂಟಿಸದೆ 3–4 ಇಂಚು ಬಿಟ್ಟು ತೂಗುಹಾಕಿದರೆ ಅದೇ ಕೌದಿ ಇನ್ನೂ ಚೆನ್ನಾಗಿ ಹೀರುತ್ತೆ. ಆದರೆ ರೂಮಿನ ಎಲ್ಲಾ ಗೋಡೆಗೂ ಹಾಕಿಬಿಡಬೇಡಿ. ಮೇಲಿನ ಸ್ವರ ಎಲ್ಲಾ ಸತ್ತು, ಬಾಸ್ ಮಾತ್ರ ಉಳಿದು ರೂಮು ಮಂಕಾಗುತ್ತೆ. ಸರೌಂಡ್ ಪಕ್ಕದ ಹಿಂದಿನ ಗೋಡೆಯಲ್ಲಂತೂ ಸ್ವಲ್ಪ ಬರಿ ಗೋಡೆ ಇರಲಿ.

ರಾಯಚೂರು ರಿಪೇರಿ

ಹತ್ತಿ ಅಂದರೆ ಬೆಂಕಿ, ಇಲಿ ಎರಡೂ. ಹೊರದೇಶದ ಡೆನಿಮ್ ಹಾಸಿಗೆ ಬೋರಾನ್ ಉಪ್ಪಿನ ಮದ್ದು ಹಾಕಿರುತ್ತಾರೆ, ಬೆಂಕಿ ಬೇಗ ಹತ್ತಬಾರದು ಅಂತ. ನಿಮ್ಮ ಚೂರಿಗೆ ಅದಿಲ್ಲ. ರಿಸೀವರ್, ಸ್ವಿಚ್ ಬೋರ್ಡ್, ಪ್ಲಗ್ ಹತ್ತಿರ ಆ ಪ್ಯಾನೆಲ್ ಬೇಡ. ದುಡ್ಡಿದ್ದರೆ ರಾಕ್‌ವೂಲ್ ಹಾಕಿ, ಅದು ಕಲ್ಲಿನ ನಾರು, ಉರಿಯಲ್ಲ. ಕೈಗೆ ತುರಿಕೆ ಬರುತ್ತದೆ, ಗವಸು ಹಾಕಿಕೊಳ್ಳಿ. ಬಟ್ಟೆಯಲ್ಲಿ ಪೂರ್ತಿ ಸುತ್ತಿ.

ಜೀನ್ಸ್ ಕಟಿಂಗ್, ಬಳ್ಳಾರಿ

ಬೆಂಕಿ ಮಾತು ಒಪ್ಪಿದೆ. ಇಲಿಗೆ ಜಾಲರಿ ಇದೆ ರೀ!

ಗುಡ್ಡದ ಓಣಿ, ಬಳ್ಳಾರಿ

ಗೋಡೆ ಕೊರೆಯೋಕೆ ಮುಂಚೆ ಪರೀಕ್ಷೆ ಮಾಡಿದೆ. ಮುಂದಿನ ಜೋಡಿ ಸ್ಪೀಕರನ್ನೇ ಬಿಚ್ಚಿ, ಎರಡು ಸ್ಟೂಲಿನ ಮೇಲೆ ಅಕ್ಕಿ ಡಬ್ಬಿ ಇಟ್ಟು, ಹಿಂದಿನ ಮೂಲೆಯಲ್ಲಿ 5 ಅಡಿಗೆ ಕೂರಿಸಿದೆ. ಸೋಫಾ 9 ಅಡಿಗೆ ಎಳೆದೆ. ಮನೆಯವರು ಟಿವಿ ಹತ್ತಿರ ಆಯ್ತು ಅಂದರು. ಅಳತೆ ಟೇಪು ಹಿಡಿದು ತೋರಿಸಿದ ಮೇಲೆ ಸುಮ್ಮನಾದರು.

ಮಳೆ ಬರುವ ಒಂದು ದೃಶ್ಯ ಹಾಕಿ, ರಿಸೀವರಿನಲ್ಲಿ ಸರೌಂಡ್ ಮಾತ್ರ ಉಳಿಸಿ ಕೇಳಿದೆವು. ಸೋಫಾದ ತುದಿಯಲ್ಲಿ ಕೂತಾಗಲೂ ಎರಡೂ ಕಡೆ ಮಳೆ ಇತ್ತು. ಆಮೇಲೆ ಅದೇ ಸ್ಟೂಲುಗಳನ್ನು ಕಿವಿಯ ನೇರ ಪಕ್ಕಕ್ಕೆ ತಂದೆ. ನಡುವೆ ಕೂತ ನನಗೆ ಇದು ಇನ್ನೂ ಚೆನ್ನಾಗಿತ್ತು, ರಿಪೇರಿ ಸರ್ ಹೇಳಿದ ಬೈಕ್ ನಿಜವಾಗಿ ಪಕ್ಕದಲ್ಲೇ ಹಾದುಹೋಯಿತು. ಆದರೆ ತುದಿಯಲ್ಲಿ ಕೂತ ಮಗಳು "ಅಪ್ಪಾ, ನನ್ನ ಕಿವಿ ಹತ್ರ ಒಂದೇ ಮಾತಾಡ್ತಿದೆ" ಅಂದಳು. ಮೂರು ಜನ ಕೂರುವ ಮನೆ ನಮ್ಮದು. ಹಿಂದಿನ ಮೂಲೆಯೇ ಖಾತ್ರಿ. ಮುಂದೆ ತೂತಿರುವ 4 ಇಂಚಿನದು ನೋಡಿಟ್ಟಿದ್ದೇನೆ, ಮುಂದಿನ ಜೋಡಿಯ ಸರಣಿಯದ್ದೇ.

ಈಗ ವೈರ್ ಯಾವುದು? ಅಂಗಡಿಯಲ್ಲಿ ಪಾರದರ್ಶಕ ಕವಚದ್ದು ಅಗ್ಗಕ್ಕೆ ಕೊಡುತ್ತಿದ್ದಾರೆ.

ರಾಯಚೂರು ರಿಪೇರಿ

ಒಬ್ಬನೇ ನೋಡುವವನಾಗಿದ್ದರೆ ನನ್ನ ಮಾತು ಗೆಲ್ಲುತ್ತಿತ್ತು ಅಂತಾಯ್ತು. ಸರಿ, ಮಗಳು ಹೇಳಿದ್ದೇ ಅಂತಿಮ.

ಅಗ್ಗದ ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. ಅದೇ ದಪ್ಪಕ್ಕೆ ತಾಮ್ರದ ಒಂದೂವರೆ ಪಟ್ಟು ತಡೆ, ಬಗ್ಗಿಸಿದ ಕಡೆ ಮುರಿಯುತ್ತದೆ. ಬೇಡ. ವಿಶೇಷ ಸ್ಪೀಕರ್ ವೈರೂ ಬೇಕಿಲ್ಲ. ಮನೆ ವೈರಿಂಗಿನ ತಾಮ್ರದ ಫ್ಲೆಕ್ಸಿಬಲ್ ವೈರ್, 1.5 ಚದರ ಮಿಲಿಮೀಟರ್, ಕೆಂಪು ಒಂದು ಕಪ್ಪು ಒಂದು. ನಿಮ್ಮ ದೂರಕ್ಕೆ ಇದು ಬೇಕಾದಷ್ಟಾಯಿತು. ಎರಡು ಕಡೆಯೂ ಸಮ ಉದ್ದ ಇರಬೇಕು ಅನ್ನುವವರ ಮಾತು ಕೇಳಬೇಡಿ, ನಾಲ್ಕಾರು ಅಡಿ ಹೆಚ್ಚುಕಡಿಮೆ ಕಿವಿಗೆ ಗೊತ್ತಾಗಲ್ಲ.

ಪೈಪ್ 25 ಮಿಲಿಮೀಟರಿನದು ಹಾಕಿಸಿ. ಕರೆಂಟಿನ ಪೈಪಿನಲ್ಲೇ ಸ್ಪೀಕರ್ ವೈರ್ ತೂರಿಸಲು ಎಲೆಕ್ಟ್ರಿಷಿಯನ್ ಹೇಳಿದರೆ ಒಪ್ಪಬೇಡಿ. ಒಂದಡಿ ಬಿಟ್ಟು ಓಡಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ. ತಲೆ ಮೇಲಿನ ಎರಡಕ್ಕೂ ಈಗಲೇ ವೈರ್ ಎಳೆದುಬಿಡಿ. ಜೋಡಿಸುವಾಗ ಎಲ್ಲಾ ಸ್ಪೀಕರಿಗೂ ಕೆಂಪಿಗೆ ಕೆಂಪು. ಒಂದು ಉಲ್ಟಾ ಆದರೂ ಬಾಸ್ ತೆಳ್ಳಗಾಗಿ, ಶಬ್ದ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯಲ್ಲ.

ಗಂಗಾವತಿ ಗದ್ದೆ

ಮೈಕ್ ಹಾಕಿ ಅಳತೆ ಮಾಡುವಾಗ ಮೈಕನ್ನು ಸೋಫಾ ಮೇಲೆ ಇಡಬೇಡಿ, ಕೈಯಲ್ಲಿ ಹಿಡಿಯಬೇಡಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಕಿವಿ ಎತ್ತರಕ್ಕೆ. ಫ್ಯಾನ್ ಆಫ್. ಮೊದಲ ಅಳತೆ ನಡುವಿನ ಸೀಟಿನಲ್ಲಿ, ಉಳಿದವು ಅದರಿಂದ ಒಂದೆರಡು ಅಡಿ ಒಳಗೆ. ಮುಗಿದ ಮೇಲೆ ಒಳಹೊಕ್ಕು ನೋಡಿ. ಮುಂದಿನ ಸ್ಪೀಕರನ್ನು ಲಾರ್ಜ್ ಅಂತ ಬರೆದುಕೊಂಡಿದ್ದರೆ ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಡಿ. ಸಬ್‌ವೂಫರಿನ ದೂರ ಟೇಪಿನ ಅಳತೆಗಿಂತ ಜಾಸ್ತಿ ತೋರಿಸಿದರೆ ಮುಟ್ಟಬೇಡಿ. ಸಬ್ ಒಳಗಿನ ಸರ್ಕ್ಯೂಟಿನ ತಡವನ್ನೂ ಸೇರಿಸಿಯೇ ಅದು ಲೆಕ್ಕ ಹಾಕಿರುತ್ತದೆ.

ಗುಡ್ಡದ ಓಣಿ, ಬಳ್ಳಾರಿ

ಆಯ್ತು. ಕೊನೇದೊಂದು. ಸಬ್ ಈಗ ಟಿವಿ ಬಲಗಡೆ ಮೂಲೆಯಲ್ಲಿದೆ. ಕೆಲವು ಹಾಡಿನ ಒಂದೇ ಒಂದು ಬಾಸ್ ಸ್ವರಕ್ಕೆ ಕಿಟಕಿ ಗಾಜು ಅದುರುತ್ತದೆ, ಪಕ್ಕದ ಸ್ವರಕ್ಕೆ ಏನೂ ಇಲ್ಲ. ಸಬ್ ಕೆಟ್ಟಿದೆಯಾ?

ಗಂಗಾವತಿ ಗದ್ದೆ

ಸಬ್ ಸರಿ ಇದೆ, ರೂಮಿನ ಅಳತೆಯ ಆಟ ಇದು. 565 ಅನ್ನು ಅಡಿಯಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56.5. ನಿಮ್ಮ ರೂಮಿನ ಅಗಲವೂ 10, ಎತ್ತರವೂ 10. ಎರಡರದ್ದೂ ಒಂದೇ ಕಡೆ ಬಿದ್ದು 56 ಹತ್ತಿರದ ಸ್ವರ ಎದ್ದು ಕೂರುತ್ತದೆ. ಮೂಲೆಯಲ್ಲಿಟ್ಟ ಸಬ್ ಅದಕ್ಕೆ ಇನ್ನೂ ಕುಮ್ಮಕ್ಕು ಕೊಡುತ್ತದೆ.

ಸಬ್ ಎತ್ತಿ ಸೋಫಾದ ನಡುವಿನ ಸೀಟಿನ ಮೇಲೆ ಇಡಿ. ಬಾಸ್ ಏರಿಳಿಯುವ ಹಾಡೊಂದನ್ನು ಹಾಕಿ. ನೀವು ಗೋಡೆ ಬದಿಯಲ್ಲಿ ಮಂಡಿಯೂರಿ, ಕಿವಿ ನೆಲದ ಹತ್ತಿರ ಇಟ್ಟು ಸುತ್ತುತ್ತಾ ಹೋಗಿ. ಎಲ್ಲಾ ಸ್ವರ ಒಂದೇ ಸಮ ಕೇಳುವ ಜಾಗಕ್ಕೆ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ. ಸಬ್ ಅಲ್ಲಿಗೆ. ಟಿವಿ ಗೋಡೆಯ ನಡುವಿನ ಆಸುಪಾಸು ಸಿಗುವ ಸಂಭವ ಜಾಸ್ತಿ, ಅಗಲದ 56 ಅಲ್ಲಿ ಅಷ್ಟು ಏಳಲ್ಲ. ಅಲ್ಲಿ ಟಿವಿ ಸ್ಟ್ಯಾಂಡ್ ಇದ್ದರೆ ಮೂಲೆಯಿಂದ ಎರಡೂವರೆ ಅಡಿ ಈಚೆಗೆ ಸರಿಸಿ ಕೇಳಿ.

ಸಿಂಧನೂರು ಅಕ್ಕ

ಮಂಡಿಯೂರಿ ಸುತ್ತುವಾಗ ಮನೆಯವರು ವಿಡಿಯೋ ಮಾಡದ ಹಾಗೆ ನೋಡಿಕೊಳ್ಳಿ. ನಮ್ಮವರದ್ದು ಇನ್ನೂ ಫ್ಯಾಮಿಲಿ ಗ್ರೂಪಲ್ಲಿ ಓಡಾಡ್ತಿದೆ.